ಸೆವಿಯಾ, ಕೊರ್ದೊಬಾ, ಗ್ರನಾದಾ: ಮೊದಲು ತಿಂಗಳು, ಆಮೇಲೆ ಊರು

ದಕ್ಷಿಣ ಸ್ಪೇನಿನ ಆಂದಲೂಸಿಯಾಕ್ಕೆ ನಾಲ್ಕೈದು ದಿನದ ಮಟ್ಟಿಗೆ ಹೊರಟವರ ಮುಂದೆ ಮೂರು ಊರು ಬಂದು ನಿಲ್ಲುತ್ತವೆ: ಸೆವಿಯಾ, ಕೊರ್ದೊಬಾ, ಗ್ರನಾದಾ. ಮೂರರಲ್ಲೂ ಮುಸ್ಲಿಂ ಆಳ್ವಿಕೆಯ ಕಾಲದ ದೊಡ್ಡ ಕಟ್ಟಡ ಇದೆ, ಕಿತ್ತಳೆ ಮರ ಇದೆ, ಸುಣ್ಣ ಬಳಿದ ಗೋಡೆಗಳ ಓಣಿ ಇದೆ. ಫೋಟೊ ನೋಡುತ್ತ ಕುಳಿತರೆ ಆರಿಸಲು ಆಗುವುದೇ ಇಲ್ಲ. ಮೂರನ್ನೂ ಬೇರೆ ಬೇರೆ ಋತುವಿನಲ್ಲಿ ನಡೆದು ನೋಡಿದ ಮೇಲೆ ನಮ್ಮ ಲೆಕ್ಕ ಸರಳವಾಗಿದೆ. ನಿಮಗೆ ರಜೆ ಸಿಗುವ ತಿಂಗಳು ಯಾವುದು ಎಂಬುದೇ ಊರನ್ನು ತೀರ್ಮಾನಿಸಬೇಕು, ಏಕೆಂದರೆ ಅಲ್ಲಿನ ಬಿಸಿಲು ಮೂರು ಊರಿನಲ್ಲಿ ಮೂರು ಥರ.

ಅದಕ್ಕೂ ಮೊದಲು ಗಡಿಯಾರದ ವಿಷಯ. ಸ್ಪೇನ್ ಇರುವುದು ಇಂಗ್ಲೆಂಡಿನ ನೇರಕ್ಕೆ, ಆದರೆ ಅಲ್ಲಿ ನಡೆಯುವುದು ಜರ್ಮನಿಯ ಸಮಯ. ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಇನ್ನೂ ಒಂದು ಗಂಟೆ ಮುಂದಿಡುತ್ತಾರೆ. ಹೀಗಾಗಿ ಜೂನ್‌ನಲ್ಲಿ ಸೆವಿಯಾದ ಸೂರ್ಯ ನೆತ್ತಿಯ ಮೇಲೆ ಬರುವುದು ಮಧ್ಯಾಹ್ನ ಸುಮಾರು 2:25ಕ್ಕೆ, ಮುಳುಗುವುದು ರಾತ್ರಿ ಮುಕ್ಕಾಲು ಹತ್ತರ ಹೊತ್ತಿಗೆ. ದಿನದ ಕಡು ಕಾವು ಸಂಜೆ 5ರಿಂದ 7ರ ನಡುವೆ. ‘ಮಧ್ಯಾಹ್ನ ಮಲಗಿ, ಬಿಸಿಲು ಇಳಿದ ಮೇಲೆ ಐದು ಗಂಟೆಗೆ ಹೊರಡೋಣ’ ಎಂಬ ನಮ್ಮ ಊರಿನ ಅಂದಾಜು ಅಲ್ಲಿ ಪೂರ್ತಿ ತಲೆಕೆಳಗು. ಐದಕ್ಕೆ ಹೊರಟರೆ ಸರಿಯಾಗಿ ಕೆಂಡದೊಳಕ್ಕೇ ಕಾಲಿಟ್ಟ ಹಾಗೆ. ಬೇಸಿಗೆಯಲ್ಲಿ ಬೆಳಿಗ್ಗೆ 8ರಿಂದ 1, ಆಮೇಲೆ ರಾತ್ರಿ 8:30ರ ನಂತರ. ನಡುವಿನ ಹೊತ್ತು ಕೋಣೆಯಲ್ಲಿ. ಸ್ಥಳೀಯರೂ ಮಾಡುವುದು ಇದನ್ನೇ, 2ರಿಂದ 5ರವರೆಗೆ ಸಣ್ಣ ಅಂಗಡಿಗಳು ಬಾಗಿಲು ಹಾಕುತ್ತವೆ.

ಈಗ ಹೋಲಿಕೆ. ಸೆವಿಯಾ ಗ್ವಾದಲ್ಕಿವೀರ್ ನದಿಯ ಬಯಲಿನಲ್ಲಿದೆ, ಸಮುದ್ರ ಮಟ್ಟಕ್ಕಿಂತ ಹೆಚ್ಚೇನೂ ಎತ್ತರವಿಲ್ಲ. ಜನವರಿಯಲ್ಲೂ ಹಗಲು 16 ಡಿಗ್ರಿ ಆಸುಪಾಸು ಇರುತ್ತದೆ, ಜುಲೈನಲ್ಲಿ ಸರಾಸರಿ 36, ಮತ್ತು 40 ದಾಟುವುದು ಸುದ್ದಿಯೇ ಅಲ್ಲ. ಕೊರ್ದೊಬಾ ಅದೇ ನದಿಯ ಮೇಲ್ದಂಡೆಯಲ್ಲಿ, ಇನ್ನೂ ಒಳನಾಡಿನಲ್ಲಿ ಇರುವುದರಿಂದ ಬೇಸಿಗೆ ಮತ್ತೂ ಕಠಿಣ. ಸ್ಪೇನಿನಲ್ಲಿ ದಾಖಲಾದ ಅತಿ ಹೆಚ್ಚಿನ ಉಷ್ಣಾಂಶ, 47.6 ಡಿಗ್ರಿ, 2021ರ ಆಗಸ್ಟ್‌ನಲ್ಲಿ ಬಂದದ್ದು ಕೊರ್ದೊಬಾ ಪ್ರಾಂತ್ಯದ ಲಾ ರಾಂಬ್ಲಾದಲ್ಲಿ. ಗ್ರನಾದಾ ಬೇರೆಯೇ ಜಾತಿ: ಸುಮಾರು 700 ಮೀಟರ್ ಎತ್ತರ, ಬೆನ್ನಿಗೆ 3,400 ಮೀಟರಿಗೂ ಮೀರಿದ ಸಿಯೆರಾ ನೆವಾದಾ ಹಿಮಪರ್ವತ. ಹಗಲು ಅಲ್ಲೂ ಸುಡುತ್ತದೆ, ಆದರೆ ಜುಲೈನಲ್ಲೂ ರಾತ್ರಿ ತಂಪು. ಜನವರಿಯ ರಾತ್ರಿ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ.

ಆದ್ದರಿಂದ ನವೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ರಜೆ ಇದ್ದರೆ ಸೆವಿಯಾ. ಏಪ್ರಿಲ್ ಕೊನೆ ಮತ್ತು ಮೇ ತಿಂಗಳಾದರೆ ಕೊರ್ದೊಬಾ. ಜೂನ್ ಮತ್ತು ಸೆಪ್ಟೆಂಬರ್ ಆದರೆ ಗ್ರನಾದಾ. ಜುಲೈ, ಆಗಸ್ಟ್ ಬಿಟ್ಟು ಬೇರೆ ದಾರಿ ಇಲ್ಲವೆಂದರೆ ಆಗಲೂ ಗ್ರನಾದಾವೇ. ಕೊರ್ದೊಬಾವನ್ನು ಆ ಎರಡು ತಿಂಗಳು ಕೈಬಿಡಿ. ಮಕ್ಕಳಿಗೆ ಶಾಲೆ ರಜೆ ಎಂದು ಏಪ್ರಿಲ್‌ನಲ್ಲಿ ಹೊರಡುವ ಕರ್ನಾಟಕದ ಕುಟುಂಬಗಳಿಗೆ ಒಂದು ಎಚ್ಚರಿಕೆ: ಈಸ್ಟರ್‌ಗೆ ಮೊದಲಿನ ಪವಿತ್ರ ವಾರ, ಸಾಮಾನ್ಯವಾಗಿ ಅದಾದ ಎರಡು ವಾರಕ್ಕೆ ಬರುವ ಏಪ್ರಿಲ್ ಜಾತ್ರೆ, ಈ ಎರಡರಲ್ಲೂ ಸೆವಿಯಾದ ಕೋಣೆ ಬಾಡಿಗೆ ಗಗನಕ್ಕೇರುತ್ತದೆ. ಪವಿತ್ರ ವಾರದಲ್ಲಿ ಮೆರವಣಿಗೆಗಳಿಂದ ಹಳೆಯ ಊರಿನ ರಸ್ತೆಗಳು ಗಂಟೆಗಟ್ಟಲೆ ಮುಚ್ಚಿರುತ್ತವೆ. ಜಾತ್ರೆಯ ಡೇರೆಗಳಲ್ಲಿ ಹೆಚ್ಚಿನವು ಖಾಸಗಿ, ಪರಿಚಯ ಇಲ್ಲದವರಿಗೆ ಒಳಗೆ ಪ್ರವೇಶವಿಲ್ಲ. ಮೇ ಕೊನೆಗೆ ಬರುವ ಕೊರ್ದೊಬಾದ ಜಾತ್ರೆಯಲ್ಲಿ ಡೇರೆಗಳು ಎಲ್ಲರಿಗೂ ತೆರೆದಿರುತ್ತವೆ. ಜಾತ್ರೆಯೇ ನೋಡಬೇಕೆಂದರೆ ಅದು ವಾಸಿ.

ಸೆವಿಯಾದ ದೊಡ್ಡ ಅನುಕೂಲ ಎಂದರೆ ಊರು ಸಮತಟ್ಟು. ವಯಸ್ಸಾದ ತಂದೆತಾಯಿ ಜೊತೆಗಿದ್ದರೆ ಬೇರೆ ಯೋಚನೆ ಬೇಡ. ಕೆಥೆಡ್ರಲ್‌ನ ಗೋಪುರ ಹಿರಾಲ್ದಾ ಮೂಲತಃ 12ನೇ ಶತಮಾನದ ಮಸೀದಿಯ ಮಿನಾರು; ಮೇಲಕ್ಕೆ ಹೋಗಲು ಮೆಟ್ಟಿಲ ಬದಲು 35 ಇಳಿಜಾರುಗಳು, ಕೊನೆಯಲ್ಲಷ್ಟೇ ಕೆಲವು ಮೆಟ್ಟಿಲು. ಬಾಂಗ್ ಕೊಡುವವರು ಕುದುರೆ ಏರಿ ಹೋಗಲು ಹಾಗೆ ಕಟ್ಟಿದ್ದು ಎನ್ನುತ್ತಾರೆ. ಮಂಡಿ ನೋವಿನವರೂ ನಿಧಾನಕ್ಕೆ ಹತ್ತಬಹುದು. ಎದುರಿಗಿರುವ ಅಲ್ಕಾಸರ್ ಅರಮನೆಗೆ ಗಂಟೆ ನಿಗದಿಯಾದ ಟಿಕೆಟ್ಟು, ಆನ್‌ಲೈನ್‌ನಲ್ಲೇ ತೆಗೆದುಕೊಳ್ಳಿ. ಬೆಳಗಿನ ಮೊದಲ ಹೊತ್ತಿನದೇ ಆಗಲಿ. ಒಳಗೆ ಹೋದವರು ಮೊದಲು ಪೇದ್ರೊ ದೊರೆ 1364ರಲ್ಲಿ ಕಟ್ಟಲು ತೊಡಗಿದ ಅರಮನೆಯ ಭಾಗಕ್ಕೆ ನೇರ ನಡೆಯಿರಿ, ತೋಟ ಆಮೇಲೆ. ಹೆಚ್ಚಿನವರು ಉಲ್ಟಾ ಮಾಡಿ ಗುಂಪಿನಲ್ಲಿ ಸಿಕ್ಕಿಬೀಳುತ್ತಾರೆ. 1929ರ ವಸ್ತುಪ್ರದರ್ಶನಕ್ಕೆ ಕಟ್ಟಿದ ಪ್ಲಾಸಾ ದೆ ಎಸ್ಪಾನ್ಯಾ ಬಹಳ ಚೆಂದ, ಆದರೆ ಅದರ ನಡು ಅಂಗಳದಲ್ಲಿ ಒಂದು ಚೂರೂ ನೆರಳಿಲ್ಲ, ಬೆಳಿಗ್ಗೆ 9ಕ್ಕೆ ಮೊದಲು ಮುಗಿಸಿ. ನೆರಳು ಬೇಕಾದರೆ ಸಿಯೆರ್ಪೆಸ್ ಬೀದಿ. ಬೇಸಿಗೆಯಲ್ಲಿ ಈ ಕಡೆಯ ಮಹಡಿಯಿಂದ ಆ ಕಡೆಯ ಮಹಡಿಗೆ ಬಟ್ಟೆಯ ಚಪ್ಪರ ಎಳೆದಿರುತ್ತಾರೆ.

ಮಾರ್ಚ್ ಮಧ್ಯದಿಂದ ಏಪ್ರಿಲ್ ಆರಂಭದವರೆಗೆ ಊರೆಲ್ಲ ಕಿತ್ತಳೆ ಹೂವಿನ ಘಮ. ಹಣ್ಣನ್ನು ಮಾತ್ರ ಕಿತ್ತು ಬಾಯಿಗೆ ಹಾಕಬೇಡಿ, ಬೀದಿಯ ಮರಗಳೆಲ್ಲ ಕಹಿ ಕಿತ್ತಳೆ, ನಮ್ಮ ಹೇರಳೆಕಾಯಿಯ ಜಾತಿಯ ರುಚಿ. ಸ್ಪ್ಯಾನಿಷ್‌ನ ‘ನರಾಂಹಾ’ ಎಂಬ ಹೆಸರು ಅರಬ್ಬಿ, ಪರ್ಷಿಯನ್ ದಾಟಿ ಹೋದ ನಮ್ಮ ‘ನಾರಂಗ’ವೇ.

ಕೊರ್ದೊಬಾದ ಬಗ್ಗೆ ನಮಗೆ ಒಂದೇ ತಕರಾರು ಇದೆ, ಅದು ಊರಿನ ಮೇಲಲ್ಲ, ಅದನ್ನು ನೋಡುವ ರೀತಿಯ ಮೇಲೆ. ಸೆವಿಯಾದಿಂದ ವೇಗದ ರೈಲಿನಲ್ಲಿ 45 ನಿಮಿಷ ಎಂದು ಎಲ್ಲರೂ ಹಗಲಿಗೆ ಬಂದು ಸಂಜೆಗೆ ಮರಳುತ್ತಾರೆ. ಬರುವುದು 11ಕ್ಕೆ, ಬಿಡುವುದು 6ಕ್ಕೆ: ಅಂದರೆ ಅತಿ ಹೆಚ್ಚು ಜನ, ಅತಿ ಹೆಚ್ಚು ಬಿಸಿಲು ಇರುವ ಹೊತ್ತನ್ನೇ ಆರಿಸಿಕೊಂಡಂತೆ. ಇಲ್ಲಿ ಒಂದು ರಾತ್ರಿ ಉಳಿಯಲೇಬೇಕು. ಉಳಿದರೆ ಮರುದಿನ ಬೆಳಿಗ್ಗೆ 8:30ಕ್ಕೆ ಮೆಸ್ಕೀತಾದ, ಅಂದರೆ ಈಗ ಕೆಥೆಡ್ರಲ್ ಆಗಿರುವ ಹಳೆಯ ದೊಡ್ಡ ಮಸೀದಿಯ, ಬಾಗಿಲಲ್ಲಿ ನಿಲ್ಲಬಹುದು. ಸೋಮವಾರದಿಂದ ಶನಿವಾರದವರೆಗೆ ಆ ಮೊದಲ ಒಂದು ಗಂಟೆ ಬಿಡಿಯಾಗಿ ಬರುವವರಿಗೆ ಉಚಿತ, ಗುಂಪುಗಳಿಗೆ ಅವಕಾಶವಿಲ್ಲ. ಚರ್ಚಿನ ವಿಶೇಷ ದಿನಗಳಲ್ಲಿ ಬದಲಾಗುವುದರಿಂದ ಹಿಂದಿನ ದಿನ ವಿಚಾರಿಸಿಕೊಳ್ಳಿ.

ಆ ಒಂದು ಗಂಟೆಯಲ್ಲಿ ಏನು ನೋಡಬೇಕು ಎಂದರೆ, ಕಂಬಗಳ ಬುಡ. 785ರ ಸುಮಾರಿಗೆ ಅಲ್ಲಿನ ದೊರೆ ಮೊದಲನೆಯ ಅಬ್ದುರ್ ರಹಮಾನ್ ಕಟ್ಟಿಸಲು ತೊಡಗಿದಾಗ ಹಳೆಯ ರೋಮನ್ ಮತ್ತು ವಿಸಿಗಾಥ್ ಕಟ್ಟಡಗಳ ಕಂಬಗಳನ್ನೇ ತಂದು ನಿಲ್ಲಿಸಿದರು. ಬಣ್ಣ ಬೇರೆ, ಎತ್ತರ ಬೇರೆ. ತಲೆಗಟ್ಟುಗಳೂ ಒಂದರ ಹಾಗೆ ಇನ್ನೊಂದಿಲ್ಲ. ಕಂಬಗಳು ಗಿಡ್ಡ, ಚಾವಣಿ ಎತ್ತರಕ್ಕೆ ಬೇಕು, ಅದಕ್ಕೇ ಕಮಾನಿನ ಮೇಲೆ ಕಮಾನು, ಕೆಂಪು ಇಟ್ಟಿಗೆ ಮತ್ತು ಬಿಳಿ ಕಲ್ಲಿನ ಪಟ್ಟೆ. 10ನೇ ಶತಮಾನದ ಕೊನೆಗೆ ಅಲ್ ಮನ್ಸೂರ್ ವಿಸ್ತರಿಸಿದ ಪೂರ್ವ ಭಾಗಕ್ಕೆ ಹೋಗಿ ಅದೇ ಕಮಾನನ್ನು ಹತ್ತಿರದಿಂದ ನೋಡಿ: ಅಲ್ಲಿ ಇಟ್ಟಿಗೆಯೇ ಇಲ್ಲ, ಕಲ್ಲಿನ ಮೇಲೆ ಕೆಂಪು ಬಣ್ಣ ಬಳಿದಿದ್ದಾರೆ. 850ಕ್ಕೂ ಹೆಚ್ಚು ಕಂಬಗಳ ನಡುವೆ, 16ನೇ ಶತಮಾನದಲ್ಲಿ ಎಬ್ಬಿಸಿದ ಕೆಥೆಡ್ರಲ್ ಇದ್ದಕ್ಕಿದ್ದಂತೆ ಎದುರಾಗುತ್ತದೆ. ಜನಜಂಗುಳಿಯಲ್ಲಿ ಇದಾವುದೂ ಕಣ್ಣಿಗೆ ಬೀಳುವುದಿಲ್ಲ.

ಮೇ ತಿಂಗಳ ಮೊದಲ ಎರಡು ವಾರ ಮನೆಯಂಗಳಗಳ ಹಬ್ಬ. ಇದು 2012ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದೆ. ಜನ ವಾಸಿಸುವ ಮನೆಗಳ ಅಂಗಳವನ್ನೇ ತೆರೆದಿಡುತ್ತಾರೆ, ಪ್ರವೇಶ ಉಚಿತ. ಗೋಡೆಯ ತುಂಬ ಎತ್ತರದವರೆಗೆ ಜೆರೇನಿಯಂ ಕುಂಡಗಳು. ನೀರು ಹಾಕುವುದು ಉದ್ದನೆಯ ಬಿದಿರಿನಂಥ ಕೋಲಿನ ತುದಿಗೆ ಕಟ್ಟಿದ ತಗಡಿನ ಡಬ್ಬಿಯಿಂದ. ಶನಿವಾರ, ಭಾನುವಾರ ಸಂದಿಗಳಲ್ಲಿ ಉದ್ದದ ಸಾಲು, ವಾರದ ನಡುವೆ ಬೆಳಿಗ್ಗೆ 11ಕ್ಕೆ ಹೋದರೆ ಆರಾಮು. ಹಬ್ಬ ತಪ್ಪಿದರೆ 12 ಅಂಗಳಗಳಿರುವ ವಿಯಾನಾ ಅರಮನೆ ಇದೆ. ಕೊರ್ದೊಬಾದ ಹಳೆಯ ಬೀದಿಗಳಲ್ಲಿ ನದಿಯ ಉರುಟು ಕಲ್ಲು ಹಾಸಿದೆ, ತೆಳು ಚಪ್ಪಲಿಗೆ ಅಂಗಾಲು ಉಳಿಯುವುದಿಲ್ಲ.

ಗ್ರನಾದಾಕ್ಕೆ ಹೋಗುವುದೆಂದರೆ ಬೆಟ್ಟದ ಮೇಲಿನ ಕೋಟೆ-ಅರಮನೆ ಅಲ್ಹಂಬ್ರಾಕ್ಕೆ ಹೋಗುವುದು, ಮತ್ತು ಎಲ್ಲರ ಯೋಜನೆ ಕೆಡುವುದೂ ಅಲ್ಲೇ. ಒಟ್ಟು ಕೋಟೆಗೆ ಒಂದು ಟಿಕೆಟ್ಟು, ಆದರೆ ಒಳಗಿನ, ಗ್ರನಾದಾ ಆಳಿದ ನಸ್ರಿದ್ ಮನೆತನದ ಅರಮನೆಗಳಿಗೆ ಅದರ ಮೇಲೇ ಒಂದು ನಿರ್ದಿಷ್ಟ ಸಮಯ ಬರೆದಿರುತ್ತದೆ. ಆ ಸಮಯ ಮೀರಿದರೆ ಒಳಗೆ ಬಿಡುವುದಿಲ್ಲ, ಹಣವೂ ಹೋಯಿತು. ಬಸ್ಸಿನಲ್ಲಿ ಬಂದವರು ಹೆನೆರಲಿಫೆ ತೋಟದ ಕಡೆಯ ಮುಖ್ಯ ದ್ವಾರದಲ್ಲಿ ಇಳಿದು ‘ಬಂದೇಬಿಟ್ಟೆವು’ ಅಂದುಕೊಳ್ಳುತ್ತಾರೆ. ಅಲ್ಲಿಂದ ನಸ್ರಿದ್ ಬಾಗಿಲಿಗೆ ಇನ್ನೂ 15ರಿಂದ 20 ನಿಮಿಷದ ನಡಿಗೆ. ಟಿಕೆಟ್ಟು ಕೈಯಲ್ಲಿದ್ದರೆ ಪ್ಲಾಸಾ ನುಯೇವಾದಿಂದ ಗೊಮೇರೆಸ್ ಏರಿನಲ್ಲಿ ಮರಗಳ ನೆರಳಲ್ಲೇ ನಡೆದು ‘ನ್ಯಾಯದ ಬಾಗಿಲಿ’ನಿಂದ ಒಳಬನ್ನಿ, ಅರಮನೆ ಅಲ್ಲಿಂದ ಹತ್ತಿರ. ಪಾಸ್‌ಪೋರ್ಟ್ ಮೂಲ ಪ್ರತಿಯೇ ಇರಲಿ, ಒಳಗೆ ಮತ್ತೆ ಮತ್ತೆ ಕೇಳುತ್ತಾರೆ. ಸಾಮಾನ್ಯ ಟಿಕೆಟ್ಟು ಮುಗಿದಿದ್ದರೆ ನಸ್ರಿದ್ ಅರಮನೆಗಳ ರಾತ್ರಿ ಟಿಕೆಟ್ಟು ಹುಡುಕಿ. ತೋಟ ಮತ್ತು ಅಲ್ಕಸಾಬಾ (ಹಳೆಯ ಕಾವಲು ಕೋಟೆ) ಮಾತ್ರದ ಟಿಕೆಟ್ಟು ಕೊನೆಯ ಆಯ್ಕೆ, ಸಿಂಹದ ಅಂಗಳ ಅದರಲ್ಲಿ ಬರುವುದಿಲ್ಲ.

ಈ ಅರಮನೆ ಕಟ್ಟಿದವರಿಗೆ ಬಿಸಿಲಿನ ಮರ್ಮ ಗೊತ್ತಿತ್ತು. ದಾರ್ರೊ ನದಿಯಿಂದ ಕಾಲುವೆ ತೆಗೆದು ಬೆಟ್ಟದ ಮೇಲಕ್ಕೆ ನೀರು ತಂದರು. 12 ಅಮೃತಶಿಲೆಯ ಸಿಂಹಗಳ ಕಾರಂಜಿಯಿಂದ ಆ ನೀರು ನೆಲದಲ್ಲಿ ಕೊರೆದ ಸಣ್ಣ ಕಾಲುವೆಗಳಲ್ಲಿ ಸುತ್ತಲಿನ ಕೋಣೆಗಳವರೆಗೂ ಹರಿಯುತ್ತದೆ. ಜೂನ್‌ನ ಮಧ್ಯಾಹ್ನ ಅಂಗಳದಿಂದ ಒಳಕೋಣೆಗೆ ಎರಡು ಹೆಜ್ಜೆ ಇಟ್ಟರೆ ಮೈಗೆ ವ್ಯತ್ಯಾಸ ತಿಳಿಯುತ್ತದೆ.

ಉಳಿಯಲು ಗ್ರನಾದಾದ ಅಲ್ಬೈಸೀನ್ ಬೆಟ್ಟ ಫೋಟೊಕ್ಕೆ ಸೊಗಸು, ಸೂಟ್‌ಕೇಸಿಗೆ ಶತ್ರು: ಕಡಿದಾದ ಕಲ್ಲುಹಾಸು, ಎಷ್ಟೋ ಓಣಿಗೆ ಟ್ಯಾಕ್ಸಿ ಬರುವುದಿಲ್ಲ. ಕೆಳಗಿನ ಕೇಂದ್ರ ಭಾಗದಲ್ಲಿ ಉಳಿದು ಸಿ31 ಸಣ್ಣ ಬಸ್ಸಿನಲ್ಲಿ ಮೇಲೆ ಹೋಗಿ. ಚಳಿಗಾಲದಲ್ಲಿ ಮೂರೂ ಊರಿಗೆ ಒಂದೇ ಮಾತು: ಹಳೆಯ ಮನೆಗಳನ್ನು ತಂಪಾಗಿರಲೆಂದೇ ಕಟ್ಟಿದ್ದು, ಜನವರಿಯಲ್ಲಿ ಒಳಗೆ ಹೊರಗಿಗಿಂತ ಚಳಿ. ಕೋಣೆಗೆ ಹೀಟರ್ ಇದೆಯೇ ಎಂದು ಕೇಳಿಯೇ ಹಣ ಕಟ್ಟಿ.

ಸಸ್ಯಾಹಾರಿಗಳಿಗೆ ಸೆವಿಯಾ ಸುಲಭ, ಪಾಲಕ್ ಮತ್ತು ಕಡಲೆಕಾಳಿನ ಪಲ್ಯದಂಥ ‘ಎಸ್ಪಿನಾಕಾಸ್ ಕೊನ್ ಗರ್ಬಾನ್ಸೊಸ್’ ಎಲ್ಲ ಕಡೆ ಸಿಗುತ್ತದೆ. ಕೊರ್ದೊಬಾದ ಟೊಮೆಟೊ ಮತ್ತು ಬ್ರೆಡ್ಡಿನ ತಣ್ಣನೆಯ ಸಾಲ್ಮೊರೇಹೊ ಅದ್ಭುತ, ಆದರೆ ಮೇಲೆ ಹಂದಿ ಮಾಂಸದ ಚೂರು, ಮೊಟ್ಟೆ ಉದುರಿಸುತ್ತಾರೆ. ‘ಸಿನ್ ಕಾರ್ನೆ’ (ಮಾಂಸ ಬೇಡ) ಎಂದರೆ ಸಾಲದು. ಹಾಮೋನ್ ಎಂಬ ಉಪ್ಪು ಹಚ್ಚಿ ಒಣಗಿಸಿದ ಹಂದಿ ತೊಡೆಯನ್ನು ಮಾಂಸದ ಲೆಕ್ಕಕ್ಕೆ ಸೇರಿಸದವರು ಬಹಳ. ‘ಸಿನ್ ಹಾಮೋನ್, ಸಿನ್ ವೇವೊ’ (ಹಾಮೋನ್ ಬೇಡ, ಮೊಟ್ಟೆ ಬೇಡ) ಎಂದು ಬಿಡಿಸಿ ಹೇಳಿ. ಗ್ರನಾದಾದಲ್ಲಿ ಪಾನೀಯ ಕೊಂಡರೆ ತಿಂಡಿಯ ತಟ್ಟೆ ಉಚಿತ, ಹೆಚ್ಚಿನ ಕಡೆ ಆಯ್ಕೆ ಮಾತ್ರ ಅವರದು. ಆರ್ಡರ್ ಹೇಳುವಾಗಲೇ ಸಸ್ಯಾಹಾರಿ ಎಂದುಬಿಡಿ, ತಟ್ಟೆ ಬಂದ ಮೇಲೆ ತಡವಾಗಿರುತ್ತದೆ.

ಮೂರನ್ನೂ ನೋಡಲು ಕನಿಷ್ಠ ಆರು ರಾತ್ರಿ ಬೇಕು: ಮ್ಯಾಡ್ರಿಡ್‌ನಿಂದ ರೈಲಿನಲ್ಲಿ ಒಂದೂ ಮುಕ್ಕಾಲು ಗಂಟೆಗೆ ಕೊರ್ದೊಬಾ, ಅಲ್ಲಿ ಒಂದು, ಸೆವಿಯಾದಲ್ಲಿ ಮೂರು, ಮೂರು ಗಂಟೆಯ ಬಸ್ಸಿನಲ್ಲಿ ಗ್ರನಾದಾ, ಅಲ್ಲಿ ಎರಡು. ನಾಲ್ಕೇ ರಾತ್ರಿಯಾದರೆ ಎರಡು ಊರು ಸಾಕು.

ಭಾರತದಿಂದ ಹೊರಡುವವರಿಗೆ ಬುಕಿಂಗ್‌ನ ಕ್ರಮವೂ ಮುಖ್ಯ. ಅಲ್ಹಂಬ್ರಾ ಟಿಕೆಟ್ಟಿನಲ್ಲಿ ಪಾಸ್‌ಪೋರ್ಟ್ ಸಂಖ್ಯೆ ಇರುತ್ತದೆ. ವೀಸಾ ಸಿಗದಿದ್ದರೆ ಟಿಕೆಟ್ಟು ಹಾಳು, ವೀಸಾಕ್ಕೆ ಕಾಯುತ್ತ ಕುಳಿತರೆ ಟಿಕೆಟ್ಟೇ ಉಳಿದಿರುವುದಿಲ್ಲ. ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮೊದಲಿನಿಂದಲೇ ಅರ್ಜಿ ಹಾಕಬಹುದು. ರದ್ದು ಮಾಡಬಹುದಾದ ಹೋಟೆಲ್, 30,000 ಯೂರೊ ರಕ್ಷಣೆಯ ವಿಮೆ ಇಟ್ಟು ಮೂರು ನಾಲ್ಕು ತಿಂಗಳ ಮೊದಲೇ ಹಾಕಿ, ವೀಸಾ ಅಂಟಿದ ದಿನವೇ ಅಲ್ಹಂಬ್ರಾದ ಅಧಿಕೃತ ತಾಣಕ್ಕೆ ಹೋಗಿ. ನಸ್ರಿದ್ ಸಮಯ ಖಚಿತವಾದ ಮೇಲೆ ಉಳಿದ ರೈಲು, ಬಸ್ಸು, ಕೋಣೆಗಳ ದಿನಾಂಕವನ್ನು ಅದಕ್ಕೆ ಹೊಂದಿಸಿಕೊಳ್ಳಿ. ಪಾಸ್‌ಪೋರ್ಟ್ ನವೀಕರಣ ಬಾಕಿ ಇದ್ದರೆ ಇದೆಲ್ಲಕ್ಕೂ ಮೊದಲು ಅದು.