ಎಡಗೈ ಕೇಳಿಸಬೇಕು: ಜಿಮ್ಮಿ ಸ್ಮಿತ್ ಅವರ ‘ಬ್ಯಾಕ್ ಅಟ್ ದ ಚಿಕನ್ ಶ್ಯಾಕ್’

ಈ ಆಲ್ಬಮ್‌ನಲ್ಲಿ ಬೇಸ್ ನುಡಿಸುವವರೇ ಇಲ್ಲ. ಆದರೂ ಮೊದಲಿನಿಂದ ಕೊನೆವರೆಗೆ ಬೇಸ್, ಅಂದರೆ ತಗ್ಗು ಸ್ವರಗಳ ಸಾಲು, ಹೆಜ್ಜೆ ಹಾಕುತ್ತಲೇ ಇರುತ್ತದೆ. ಅದು ಜಾಝ್ ಆರ್ಗನ್ ವಾದಕ ಜಿಮ್ಮಿ ಸ್ಮಿತ್ ಅವರ ಎಡಗೈ. ಹ್ಯಾಮಂಡ್ ಎಂಬ ವಿದ್ಯುತ್ ಆರ್ಗನ್‌ನ ಕೆಳಗಿನ ಮಣೆಯ (ಕೀಗಳ ಸಾಲಿನ) ಮೇಲೆ ಅದು ನಡೆಯುತ್ತದೆ, ಪಾದ ಪೆಡಲ್ ಮುಟ್ಟಿ ಸ್ವರಕ್ಕೆ ಒತ್ತು ಕೊಡುತ್ತದೆ. ಜೊತೆಗೆ ಸ್ಟ್ಯಾನ್ಲಿ ಟರೆಂಟೀನ್ ಅವರ ಟೆನರ್ ಸ್ಯಾಕ್ಸೊಫೋನ್, ಕೆನ್ನಿ ಬರೆಲ್ ಅವರ ಗಿಟಾರ್, ಡೊನಾಲ್ಡ್ ಬೈಲಿ ಅವರ ಡ್ರಮ್ಸ್. ರೂಡಿ ವಾನ್ ಗೆಲ್ಡರ್ ಇದನ್ನು 1960ರ ಏಪ್ರಿಲ್ 25ರಂದು ಧ್ವನಿಮುದ್ರಿಸಿದರು. ಬ್ಲೂ ನೋಟ್ ರೆಕಾರ್ಡ್ ಕಂಪನಿ ಹೊರತಂದದ್ದು 1963ರಲ್ಲಿ.

ಶೀರ್ಷಿಕೆ ಹಾಡು ಎಫ್‌ನಲ್ಲಿ, ಅಂದರೆ ನಾಲ್ಕು ಮನೆ ಶ್ರುತಿಯಲ್ಲಿ ಸಾಗುವ 12 ಬಾರ್‌ಗಳ ಬ್ಲೂಸ್; ಒಂದು ಬಾರ್ ಎಂದರೆ ನಾಲ್ಕು ಎಣಿಕೆ. ಒಂದು ಸುತ್ತಿಗೆ 48 ಎಣಿಕೆ. ಆದಿತಾಳ ಹಾಕಿ ಕೇಳುವವರಿಗೆ ಸರಿಯಾಗಿ ಆರು ಆವರ್ತ, ನಡೆ ಮಾತ್ರ ತಿಶ್ರದ ಕಡೆಗೆ ವಾಲಿರುತ್ತದೆ. ಮೊದಲ ಸಲ ಬಲಗೈಯನ್ನು ಬಿಟ್ಟು ಈ ಆರು ಆವರ್ತಗಳನ್ನಷ್ಟೇ ಎಣಿಸಿ. ಬೇಸ್ ಎಲ್ಲಿ ತಿರುಗುತ್ತದೆ ಎಂದು ಕಿವಿ ಗುರುತಿಸಿದ ಮೇಲೆ ಸ್ಯಾಕ್ಸೊಫೋನಿನ ಒಂದೊಂದು ವಾಕ್ಯವೂ ಬೇರೆಯಾಗಿಯೇ ಕೇಳಿಸುತ್ತದೆ.

ಫೋನಿನ ಸ್ಪೀಕರ್‌ನಲ್ಲಿ ಇದು ಸಾಧ್ಯವಿಲ್ಲ. ಈ ಆರ್ಗನ್‌ನ ಮಣೆಗಳ ಅತಿ ತಗ್ಗಿನ ಸ್ವರ ಸುಮಾರು 65 ಹರ್ಟ್ಸ್, ಪೆಡಲ್ ಇನ್ನೂ ಕೆಳಗೆ, 33ರ ಹತ್ತಿರ. ಒಳ್ಳೆಯ ಸ್ಪೀಕರ್ ಇದ್ದರೂ ಬೆಂಗಳೂರಿನ ಅಪಾರ್ಟ್‌ಮೆಂಟ್ ಕೋಣೆ ಇನ್ನೊಂದು ತೊಂದರೆ ಕೊಡುತ್ತದೆ. ಟೈಲ್ಸ್ ನೆಲ, ಬರಿಗೋಡೆಯ 10 ಅಡಿ ಕೋಣೆ 56 ಮತ್ತು 112 ಹರ್ಟ್ಸ್ ಆಸುಪಾಸಿನ ಸ್ವರಗಳನ್ನು ಉಬ್ಬಿಸುತ್ತದೆ. 110 ಹರ್ಟ್ಸ್‌ನ ‘ಎ’ ಈ ಎಫ್ ಬ್ಲೂಸ್‌ನಲ್ಲಿ ಮತ್ತೆ ಮತ್ತೆ ಬರುವ ಸ್ವರ. ಅದೊಂದೇ ಗುಂಯ್‌ಗುಟ್ಟಿ ಉಳಿದವು ಸೊರಗಿದರೆ ದೋಷ ಆಲ್ಬಮ್‌ನದಲ್ಲ. ಸ್ಪೀಕರನ್ನು ಮೂಲೆಯಿಂದ ಎರಡಡಿ ಈಚೆ ತನ್ನಿ, ಕೂರುವ ಜಾಗವನ್ನು ಹಿಂಗೋಡೆಯಿಂದ ಬಿಡಿಸಿ. ಅದಕ್ಕೆ ಜಾಗವಿಲ್ಲದಿದ್ದರೆ ಕಿವಿ ಮುಚ್ಚುವ ಹೆಡ್‌ಫೋನೇ ವಾಸಿ.

ಈ ನಾದವನ್ನು ತಮ್ಮ ಕೀಬೋರ್ಡ್‌ನಲ್ಲಿ ತರಬಯಸುವವರು ನಾದದ ಪದರಗಳನ್ನು ಬೆರೆಸುವ ಎಳೆಪಟ್ಟಿಗಳಾದ ಡ್ರಾಬಾರ್‌ಗಳಲ್ಲಿ ಮೊದಲ ಮೂರನ್ನು ಪೂರ್ತಿ ಎಳೆದು ಉಳಿದ ಆರನ್ನು ಒಳಗೇ ಬಿಡಲಿ. ಸ್ವರದ ಆರಂಭಕ್ಕೆ ‘ಟಕ್’ ಎಂಬ ಹೊಡೆತ ಕೊಡುವ ಪರ್ಕಷನ್ ಆನ್, ಮೂರನೇ ಹಾರ್ಮೋನಿಕ್, ಬೇಗ ಅಡಗುವಂತೆ. ಸ್ಪರ್ಶಕ್ಕೆ ತಕ್ಕಂತೆ ದನಿ ಏರಿಳಿಸುವ ಸೌಲಭ್ಯವನ್ನು ಆಫ್ ಮಾಡಲೇಬೇಕು. ಹ್ಯಾಮಂಡ್‌ನಲ್ಲಿ ಏರಿಳಿತ ಇರುವುದು ಕಾಲಿನಲ್ಲಿ, ಬೆರಳಿನಲ್ಲಿ ಅಲ್ಲ. ಎಲ್ಲ ಕೀಗಳಿಂದ ಬೆರಳು ಎತ್ತಿದ ಮೇಲಷ್ಟೇ ಆ ‘ಟಕ್’ ಮರಳಿ ಬರುತ್ತದೆ. ಸ್ವರಗಳನ್ನು ಅಂಟಿಸಿ ನುಡಿಸಿದರೆ ಮೊದಲನೆಯದಕ್ಕೆ ಮಾತ್ರ. ಸ್ಮಿತ್ ಬಿಡಿಸಿ ನುಡಿಸುವ ಕಡೆ ಇದು ಸ್ಪಷ್ಟ. ಅಮೆರಿಕದ ಹಳೆಯ ಹ್ಯಾಮಂಡನ್ನೇ ಇಲ್ಲಿಗೆ ತರಿಸುವ ಆಸೆಯಿದ್ದರೆ ಒಂದು ಎಚ್ಚರ: ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಸಾಲದು. ಅದರ ಮೋಟಾರ್ ಓಡುವುದು ವಿದ್ಯುತ್ತಿನ 60 ಹರ್ಟ್ಸ್ ಲೆಕ್ಕದಲ್ಲಿ. ನಮ್ಮ 50ಕ್ಕೆ ಹಾಕಿದರೆ ಶ್ರುತಿ ಸುಮಾರು ಮೂರು ಅರ್ಧಸ್ವರ ಕುಸಿಯುತ್ತದೆ. ಫ್ರೀಕ್ವೆನ್ಸಿ ಕನ್ವರ್ಟರ್ ಬೇಕು.

ಟರೆಂಟೀನ್ ರಚಿಸಿದ ‘ಮೈನರ್ ಚಾಂಟ್’ನಲ್ಲಿ ಗಿಟಾರ್ ಇಲ್ಲ, ಆ ತೆರವಿನಲ್ಲಿ ಸ್ಯಾಕ್ಸೊಫೋನಿನ ಉಸಿರೂ ಕೇಳಿಸುತ್ತದೆ. ಆಲ್ಬಮ್‌ನ ಅತ್ಯುತ್ತಮ ಭಾಗ ಅದೇ. ‘ಮೆಸ್ಸಿ ಬೆಸ್ಸಿ’ 12 ನಿಮಿಷ ದಾಟುತ್ತದೆ. ಅದರ ನಡುಭಾಗದಲ್ಲಿ ಆರ್ಗನ್ ಒಂದೇ ತುಣುಕನ್ನು ತಿರುಗಿಸಿ ತಿರುಗಿಸಿ ಹೇಳುವಾಗ ಮೂರು ನಿಮಿಷ ಕತ್ತರಿಸಬಹುದಿತ್ತು ಅನ್ನಿಸುತ್ತದೆ, ಬೈಲಿಯ ಲಯ ಸಡಿಲವಾಗದೆ ಅದನ್ನು ಕಾಪಾಡುತ್ತದೆ.

ಕೊಳ್ಳುವವರು ಅದೇ ದಿನದ ಧ್ವನಿಮುದ್ರಣದಿಂದ 1961ರಲ್ಲೇ ಬಂದಿದ್ದ ‘ಮಿಡ್‌ನೈಟ್ ಸ್ಪೆಷಲ್’ ಅನ್ನೂ ಜೊತೆಗೆ ಹುಡುಕಿ. ಅದೇ ನಾಲ್ವರು, ಅದೇ ಎಡಗೈ.