ಮದುವೆ ಕಾರ್ಡಿನಲ್ಲಿ ೯ ಹೋಗಿ ೬ ಆಯ್ತು: ಡಿಸೈನ್ ಮಾಡಿಸುವವರು ಒಮ್ಮೆ ಓದಿ

ತಂಗಿಯ ಮದುವೆ ಮುಗಿದು ಎರಡು ತಿಂಗಳಾಯಿತು. ಸಿಟ್ಟು ಸ್ವಲ್ಪ ಇಳಿದಿದೆ, ಅದಕ್ಕೇ ಈಗ ಬರೆಯುತ್ತಿದ್ದೇನೆ. ಆಷಾಢ ಕಳೆದರೆ ಮತ್ತೆ ಮದುವೆಗಳು ಶುರು. ಕಾರ್ಡಿಗೆ ಅಡ್ವಾನ್ಸ್ ಕೊಡುವ ಮೊದಲು ನಮ್ಮ ಕಥೆ ಕೇಳಿ.

ನಮ್ಮದು ತುಮಕೂರು. ತಂಗಿಗೆ ಎಲ್ಲರ ಮನೆಯಂಥ ಕಾರ್ಡ್ ಬೇಡವಾಗಿತ್ತು. ನಮ್ಮ ಮನೆ ಮುಂದಿನ ದಾಸವಾಳ, ಹಿಂದೆ ಸಿದ್ಧಗಂಗೆ ಬೆಟ್ಟ, ಎಲ್ಲ ಕೈಯಲ್ಲಿ ಬಿಡಿಸಿದ ಚಿತ್ರವಾಗಿರಬೇಕು. ಅಕ್ಷರ ಬಂಗಾರದ ಫಾಯಿಲ್‌ನಲ್ಲಿ. ಅಂಕಿಗಳು ಕೂಡ ಕನ್ನಡದವೇ. ಆಸೆಯಲ್ಲಿ ತಪ್ಪೇನಿಲ್ಲ ಬಿಡಿ. ಇನ್‌ಸ್ಟಾಗ್ರಾಮ್‌ನಲ್ಲಿ ಬೆಂಗಳೂರಿನ ಒಬ್ಬರು ಡಿಸೈನರ್ ಸಿಕ್ಕರು. ಹಿಂದೆ ಮಾಡಿದ ಕಾರ್ಡುಗಳ ಫೋಟೊ ನಿಜಕ್ಕೂ ಚೆನ್ನಾಗಿದ್ದವು. ಅವುಗಳಲ್ಲಿ ಕನ್ನಡದ ಕಾರ್ಡ್ ಒಂದೂ ಇರಲಿಲ್ಲ ಅನ್ನುವುದನ್ನು ಮಾತ್ರ ನಾವ್ಯಾರೂ ನೋಡಲಿಲ್ಲ.

ಡಿಸೈನಿಗೆ 9,000. ಕಾರ್ಡಿಗೆ 110ರಂತೆ 350 ಕಾರ್ಡು. ಒಟ್ಟು 47,500. ಅರ್ಧ ಮೊದಲು, ಉಳಿದದ್ದು ಕಾರ್ಡ್ ಕಳಿಸುವ ಮುಂಚೆ. ಬಿಲ್ ಕೇಳಿದ್ದಕ್ಕೆ "ಆಮೇಲೆ ಕಳಿಸ್ತೀನಿ" ಅಂದರು. ಆ ಬಿಲ್ ಇವತ್ತಿನವರೆಗೂ ಬಂದಿಲ್ಲ.

ಮೊದಲ ಪ್ರೂಫ್ ವಾಟ್ಸಾಪ್‌ನಲ್ಲಿ ಬಂದಾಗ ಅಮ್ಮ ಬಿದ್ದು ಬಿದ್ದು ನಕ್ಕರು. ನಾನು ಟೈಪ್ ಮಾಡಿ ಕಳಿಸಿದ್ದ "ಇಷ್ಟಮಿತ್ರರೊಂದಿಗೆ" ಅಲ್ಲಿ "ಇಷ್‌ಟಮಿತ್‌ರರೊಂದಿಗೆ" ಆಗಿತ್ತು. "ಮುಹೂರ್ತ" ಹೋಗಿ "ಮುಹೂರ್‌ತ". ಒತ್ತಕ್ಷರ ಎಲ್ಲ ಬಿಚ್ಚಿ ಸಾಲಾಗಿ ನಿಂತಿದ್ದವು. ಹಳೇ ಫೋಟೋಶಾಪ್, ಇಲ್ಲಸ್ಟ್ರೇಟರ್‌ನಂಥವುಗಳಲ್ಲಿ ನಮ್ಮ ಲಿಪಿಗೆ ಬೇರೆ ಸೆಟ್ಟಿಂಗ್ ಇದೆ. ಅದನ್ನು ಆನ್ ಮಾಡದೆ ಕನ್ನಡ ಪೇಸ್ಟ್ ಮಾಡಿದರೆ ಹೀಗಾಗುತ್ತದೆ. ಕನ್ನಡ ಬರುವವರಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಅವರಿಗೆ ಗೊತ್ತಾಗಲಿಲ್ಲ, ಯಾಕೆಂದರೆ ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಅದು ಅಪರಾಧ ಅಂತ ನಾನು ಹೇಳುತ್ತಿಲ್ಲ. ಆದರೆ ಓದಲು ಬರುವ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳದೆ ಕನ್ನಡ ಕಾರ್ಡಿನ ಕೆಲಸ ಒಪ್ಪಿಕೊಳ್ಳಬಾರದಿತ್ತು. ನಾವೂ ಅಲ್ಲೇ ನಿಲ್ಲಿಸಿಬಿಡಬೇಕಿತ್ತು.

ನಿಲ್ಲಿಸಲಿಲ್ಲ. ಮೂರು ಸಲ ತಿದ್ದಿಸಿದೆವು. ನಾಲ್ಕನೇ ಪ್ರೂಫ್ ಸರಿ ಇತ್ತು. ದೊಡ್ಡಪ್ಪನಿಗೂ ತೋರಿಸಿ "ಓಕೆ" ಅಂತ ಕಳಿಸಿದೆ.

ಮುಖ್ಯ ವಿಷಯ ಇಲ್ಲಿದೆ. ನಮ್ಮ ಓಕೆ ಆದ ಮೇಲೆ, ನಮಗೆ ಹೇಳದೆ, ಅವರು ಫಾಂಟ್ ಬದಲಾಯಿಸಿದರು. ಆಯ್ದುಕೊಂಡಿದ್ದ ಅಕ್ಷರ ತೀರಾ ತೆಳ್ಳಗಿತ್ತು, ಫಾಯಿಲ್ ಸರಿಯಾಗಿ ಕೂರುವುದಿಲ್ಲ ಅಂತ ಪ್ರೆಸ್‌ನವರು ಹೇಳಿದರಂತೆ. ಅದು ಇರಬಹುದು. ಫಾಯಿಲ್‌ನಲ್ಲಿ ಗೆರೆ ತೆಳ್ಳಗಿದ್ದರೆ ಅಲ್ಲಲ್ಲಿ ಹಾರಿಹೋಗುತ್ತದೆ, ದಪ್ಪಗಿದ್ದರೆ ಸಣ್ಣ ಒತ್ತುಗಳ ಹೊಟ್ಟೆ ತುಂಬಿಕೊಳ್ಳುತ್ತದೆ. ಆದರೆ ಹೊಸ ಫಾಂಟಿಗೆ ಹೋಗುವಾಗ ಅಂಕಿಗಳನ್ನು ಕೈಯಿಂದ ಮತ್ತೆ ಹಾಕಿದ್ದಾರೆ. ಕನ್ನಡದ ೬ ಮತ್ತು ೯ ಪಕ್ಕಪಕ್ಕ ಇಟ್ಟು ನೋಡಿ. ಓದಲು ಬಾರದ ಕಣ್ಣಿಗೆ ಎರಡೂ ಒಂದೇ.

ಕಾರ್ಡುಗಳು ಬಂದವು. ಚಿತ್ರ ಸೊಗಸಾಗಿತ್ತು, ಸುಳ್ಳು ಹೇಳಬಾರದು. ಕುಂಕುಮದ ಕೆಂಪು ಮಾತ್ರ ಮೊಬೈಲಿನಲ್ಲಿ ಕಂಡದ್ದಕ್ಕಿಂತ ಮಂಕಾಗಿ, ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಸ್ಕ್ರೀನಿನಲ್ಲಿ ಬೆಳಗುವ ಬಣ್ಣ ಕಾಗದದ ಮೇಲೆ ಹಾಗೇ ಬರಲ್ಲ, ಅದು ಎಲ್ಲ ಕಡೆ ಇರುವುದೇ. ಅಮ್ಮ ಮೊದಲ ಕಾರ್ಡನ್ನು ದೇವರ ಮುಂದಿಟ್ಟರು. ಉಳಿದವಕ್ಕೆ ನಾಲ್ಕು ಮೂಲೆಗೂ ಅರಿಶಿನ ಕುಂಕುಮ ಹಚ್ಚುತ್ತಾ ಕೂತೆವು. ಎರಡು ದಿನದಲ್ಲಿ 62 ಕಾರ್ಡ್ ಹಂಚಿಯೂ ಆಯ್ತು.

ಮೂರನೇ ದಿನ ದೊಡ್ಡಪ್ಪ ಫೋನ್ ಮಾಡಿದರು. ಅವರು ಪಂಚಾಂಗ ನೋಡುವವರು. "ಅಲ್ಲ ಕಣೋ, ಮಿಥುನ ಲಗ್ನ ಅಂತ ಹಾಕಿದೀರಿ, ಟೈಮು ಬೆಳಿಗ್ಗೆ ಆರೂ ಮೂವತ್ತೈದು ಅಂತಿದೆ. ಮೇ ತಿಂಗಳಲ್ಲಿ ಆ ಹೊತ್ತಿಗೆ ವೃಷಭ ನಡೀತಿರುತ್ತೆ ಅಲ್ವೇನೋ?"

ಕಾರ್ಡ್ ತೆಗೆದು ನೋಡಿದೆ. ೯-೩೫ ಇರಬೇಕಾದ ಕಡೆ ೬-೩೫. ಬಂಗಾರದ ಬಣ್ಣದಲ್ಲಿ ಫಳಫಳ ಹೊಳೆಯುತ್ತಿತ್ತು.

ಡಿಸೈನರ್ ಮೊದಲು "ನೀವೇ ಓಕೆ ಅಂದ್ರಲ್ಲಾ" ಅಂದರು. ಓಕೆ ಅಂದ ಚಿತ್ರ ವಾಟ್ಸಾಪ್‌ನಲ್ಲೇ ಇತ್ತು. ಅದನ್ನೂ ಕಾರ್ಡಿನ ಫೋಟೊವನ್ನೂ ಒಟ್ಟಿಗೆ ಕಳಿಸಿದೆ. ಆಮೇಲೆ ತಪ್ಪು ಪ್ರೆಸ್‌ನವರದ್ದಾಯಿತು. ಪ್ರೆಸ್ ಯಾವುದು ಅಂತ ಕೇಳಿದರೆ ಹೇಳಲಿಲ್ಲ. ಕೊನೆಗೆ ಬಂದ ಪರಿಹಾರ: "ಚಿಕ್ಕ ಗೋಲ್ಡ್ ಸ್ಟಿಕ್ಕರ್ ಕಳಿಸ್ತೀನಿ, ಅಂಟಿಸಿಕೊಳ್ಳಿ." ಮುಹೂರ್ತದ ಮೇಲೆ ಸ್ಟಿಕ್ಕರ್! ಅಮ್ಮ ಏನಂದರು ಅನ್ನುವುದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಒಂದು ಪಿಡಿಎಫ್ ಸಿಕ್ಕಿದ್ದರೆ ನಾವೇ ಬೇರೆ ಕಡೆ ಪ್ರಿಂಟ್ ಹಾಕಿಸುತ್ತಿದ್ದೆವು. ಫೈಲ್ ನಿಮಗೆ ಸೇರಿದ್ದಲ್ಲ, ಬೇಕಾದರೆ ಇನ್ನೂ 5,000 ಕೊಡಿ ಅಂದರು. ಫೈಲ್ ಯಾರದ್ದು ಅನ್ನುವುದನ್ನು ಅಡ್ವಾನ್ಸ್ ಕೊಡುವ ದಿನವೇ ಬರೆಸಿಕೊಳ್ಳಿ, ವಾಟ್ಸಾಪ್‌ನಲ್ಲಾದರೂ ಸರಿ. ಗ್ರಾಹಕ ಸಹಾಯವಾಣಿ 1915ಕ್ಕೂ ಫೋನ್ ಮಾಡಿದೆ, ದೂರು ಬರೆದುಕೊಂಡರು. ಆದರೆ ನನ್ನ ಹತ್ತಿರ ಬಿಲ್ ಇಲ್ಲ, ಅಂಗಡಿ ವಿಳಾಸ ಇಲ್ಲ, ಇರುವುದು ಒಂದು ಇನ್‌ಸ್ಟಾ ಪೇಜು ಮತ್ತು ಯುಪಿಐ ನಂಬರು. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಹೋಗಬಹುದು. ಹೋಗುವ ಯೋಚನೆ ಇದೆ. ನೋಟಿಸ್ ಯಾವ ವಿಳಾಸಕ್ಕೆ ಕಳಿಸುವುದು ಅನ್ನುವುದೇ ಈಗ ತಲೆನೋವು.

ಮದುವೆಗೆ ಇನ್ನು ಹದಿನೆಂಟು ದಿನ. ಬೆಂಗಳೂರಿನ ಚಿಕ್ಕಪೇಟೆ ಪಕ್ಕದ ಸುಲ್ತಾನ್‌ಪೇಟೆಗೆ ಹೋದೆ. ಒಂದು ಹಳೇ ಅಂಗಡಿ, ಹಳೇ ಕಂಪ್ಯೂಟರು, ಅದರಲ್ಲಿ ಕನ್ನಡ ಟೈಪ್ ಮಾಡುವ 'ನುಡಿ' ಸಾಫ್ಟ್‌ವೇರ್. ಅಂಗಡಿಯವರು ನಮ್ಮ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿ, "ಎಲ್ಲಾ ಒಂದೇ ರಟ್ಟಿನ ಮೇಲೆ ಹೊಡೆಸಿಬಿಟ್ಟಿದೀರಲ್ಲ ಸಾರ್. ಒಳಗೆ ಬೇರೆ ಹಾಳೆ ಇಟ್ಟಿದ್ರೆ ಅದೊಂದನ್ನೇ ಬದಲಾಯಿಸಬಹುದಿತ್ತು" ಅಂದರು. ಆಮೇಲೆ ತಾವೇ ಟೈಪ್ ಮಾಡಿ, ಸಾದಾ ಕಾಗದದಲ್ಲಿ ಪ್ರಿಂಟ್ ತೆಗೆದುಕೊಟ್ಟರು. "ಮನೆಗೆ ತಗೊಂಡ್ಹೋಗಿ, ವಯಸ್ಸಾದವರೊಬ್ಬರ ಕೈಲಿ ಜೋರಾಗಿ ಓದಿಸಿ, ಕೆಳಗೆ ಸೈನ್ ಹಾಕಿಸ್ಕೊಂಡು ಬನ್ನಿ. ಸೈನ್ ಇಲ್ಲದೆ ನಾನು ಮಿಷನ್ನಿಗೆ ಹಾಕಲ್ಲ." ದೊಡ್ಡಪ್ಪ ಬೆರಳಿಟ್ಟು ಓದಿ ಸೈನ್ ಹಾಕಿದರು. ಕಾರ್ಡಿಗೆ 24 ರೂಪಾಯಿ, ನಾಲ್ಕೇ ದಿನ. ಗಣಪತಿ, ಬಾಳೆಕಂಬ, ವಾಲಗದವರು, ತಂಗಿ ಬೇಡ ಅಂದಿದ್ದೆಲ್ಲ ಅದರಲ್ಲಿತ್ತು. ಪಾಪ, ಅವಳು ಏನೂ ಅನ್ನಲಿಲ್ಲ.

ಮೊದಲೇ ಹಂಚಿದ್ದ 62 ಮನೆಗಳಿಗೂ ನಾನು, ಅಪ್ಪ ಕೂತು ಫೋನ್ ಮಾಡಿದೆವು. ಒಬ್ಬರು ಮಾತ್ರ ಎಷ್ಟು ಸಲ ಮಾಡಿದರೂ ಸಿಗಲಿಲ್ಲ, ಮಧುಗಿರಿ ಕಡೆಯ ಮಾವ. ಯಾರೋ ಹೇಳಿರುತ್ತಾರೆ ಅಂದುಕೊಂಡೆವು.

ಮದುವೆ ದಿನ ಬೆಳಿಗ್ಗೆ ಆರು ಗಂಟೆಗೆ ಛತ್ರದ ಅಡುಗೆಮನೆಗೆ ಕಾಫಿ ಕೇಳಲು ಹೋದೆ. ಒಲೆ ಪಕ್ಕದ ಸ್ಟೂಲಿನ ಮೇಲೆ ಮಾವ ಗರಿಗರಿ ಪಂಚೆ ಉಟ್ಟು ಕೂತಿದ್ದರು, ತೊಡೆಯ ಮೇಲೆ ದಾಸವಾಳದ ಕಾರ್ಡು. ನನ್ನನ್ನು ನೋಡಿ ಎದ್ದು ನಿಂತು ಕೇಳಿದರು: "ಏನಪ್ಪಾ, ಗಂಡಿನ ಕಡೆಯವರು ಇನ್ನೂ ಬಂದೇ ಇಲ್ವಾ?"