ಜೈಸಲ್ಮೇರ್ ದಾರಿಯಲ್ಲಿ ಮಕ್ಕಳೊಂದಿಗೆ ಎಲ್ಲಿ ನಿಲ್ಲಬೇಕು?

ಜೋಧಪುರದಿಂದ ಜೈಸಲ್ಮೇರಿಗೆ ಕಾರಿನಲ್ಲಿ ಹೊರಟು ಖೀಚನ್, ಆಕಲ್ ಮತ್ತು ಸಮ್ ಎಂಬ ಮೂರು ತಾಣಗಳ ನಡುವೆ ಆಯ್ಕೆ ಮಾಡುವವರು ಮೊದಲು ಕ್ಯಾಲೆಂಡರ್ ನೋಡಬೇಕು. ಫಲೋದಿ ಬಳಿಯ ಖೀಚನ್‌ಗೆ ಕುರ್ಜಾ ಕೊಕ್ಕರೆಗಳು ಸಾವಿರಾರು ಸಂಖ್ಯೆಯಲ್ಲಿ ಬರುವುದು ಚಳಿಗಾಲದಲ್ಲಿ ಮಾತ್ರ. ಊರಿನವರು ಕಾಳು ಚೆಲ್ಲುವ ಬಯಲಿಗೆ ಕಪ್ಪು ಕತ್ತಿನ, ಕೆಂಪು ಕಣ್ಣಿನ ಆ ಹಕ್ಕಿಗಳು ಸಾಲುಸಾಲಾಗಿ ಇಳಿಯುವುದನ್ನು ಕಾಣಬೇಕಾದರೆ ಮಕ್ಕಳನ್ನು ನಸುಕಿನಲ್ಲೇ ಎಬ್ಬಿಸಬೇಕು. ಬೇಸಿಗೆಯಲ್ಲಿ ಅಷ್ಟು ದೂರ ಸುತ್ತಿ ಹೋಗುವುದು ವ್ಯರ್ಥ.

ಹೆಚ್ಚು ಖರ್ಚಾಗುವುದು ಸಮ್ ಮರಳುದಿಬ್ಬಗಳಲ್ಲೇ. ಜೈಸಲ್ಮೇರಿನಿಂದ ಸುಮಾರು 40 ಕಿ.ಮೀ. ದೂರದ ಅಲ್ಲಿ ಒಂಟೆ, ಜೀಪು, ಡೇರೆ ಎಲ್ಲಕ್ಕೂ ಚೌಕಾಸಿ ಮಾಡಬೇಕಾಗುತ್ತದೆ. ಆದರೂ ದಿಬ್ಬದಿಂದ ಜಾರುವ ಮಗುವಿಗೆ ಈ ಲೆಕ್ಕ ಬೇಕಿಲ್ಲ, ಬೂಟಿನೊಳಗಿನ ಮರಳು ಮಾತ್ರ ಊರಿನವರೆಗೂ ಜೊತೆಗೆ ಬರುತ್ತದೆ.

ಬಾಡಮೇರ್ ರಸ್ತೆಯ ಆಕಲ್‌ನಲ್ಲಿ ಸುಮಾರು 18 ಕೋಟಿ ವರ್ಷ ಹಿಂದಿನ ಮರಗಳು ಕಲ್ಲಾಗಿ, ಕಬ್ಬಿಣದ ಜಾಲರಿಯೊಳಗೆ ಮಲಗಿವೆ. ಅರ್ಧ ಗಂಟೆ ಸಾಕು, ಆದರೆ ನೆರಳಿಲ್ಲ. ಪ್ರಶ್ನೆ ಕೇಳುವ ವಯಸ್ಸಿನ ಮಕ್ಕಳಿದ್ದರೆ ನಾನು ಇದನ್ನೇ ಆರಿಸುತ್ತೇನೆ. ತೀರ ಚಿಕ್ಕವರಿದ್ದರೆ ಸಂಜೆಯ ಸಮ್, ಹಿರಿಯರೊಂದಿಗೆ ಜನವರಿಯಲ್ಲಿ ಹೊರಟಿದ್ದರೆ ಖೀಚನ್.